ಕಂದರವಿಲ್ಲದ ಬಯಲು, ಪ್ರವಾಸಿಗರಿಲ್ಲದ ಹೆಲಿಕಾಪ್ಟರ್

ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ನಿಂತು ನೋಡುವ ಜಾಗಗಳಿಗೆ ಕೊರತೆಯಿಲ್ಲ. ಕಟಕಟೆ ಹಿಡಿದು ಬಗ್ಗಿದರೆ ಸುಮಾರು 1.6 ಕಿ.ಮೀ. ಕೆಳಗೆ ಕೊಲೊರಾಡೊ ನದಿ. ಅಷ್ಟಕ್ಕೆ ತೃಪ್ತಿಯಾಗದವರಿಗೆ ಹೆಲಿಕಾಪ್ಟರ್ ಸವಾರಿ. ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಆ ವೈಭೋಗವಿಲ್ಲ. ಮೆಟ್ಟಿಲು ಹತ್ತಿ ನಿಂತರೆ ಬಂಡೆಗುಡ್ಡ, ಶೇಂಗಾ ಹೊಲ, ಕುರುಚಲು, ಮತ್ತೆ ಬಂಡೆ. ಬಿ. ಎಲ್. ರೈಸ್ 1892ರಲ್ಲಿ ಗುರುತಿಸಿದ ಅಶೋಕನ ಶಾಸನವೊಂದು ಈ ಬೆಟ್ಟದ ಮೇಲಿದೆ.

ಎರಡೂ ಒಣ ಸೀಮೆಗಳೇ. ಅಲ್ಲಿ ಕಂದರ, ಇಲ್ಲಿ ಗುಂಡುಕಲ್ಲು ಏಕೆ?

ಕಂದರ ಕೊರೆಯಲು ಬರೀ ಬಿಸಿಲು ಸಾಲದು, ಬೇರೆಡೆಯಿಂದ ನೀರು ಬರಬೇಕು. ಕೊಲೊರಾಡೊ ನದಿಗೆ ರಾಕಿ ಪರ್ವತಗಳ ಹಿಮ ಕರಗಿ ನೀರಾಗುತ್ತದೆ. ಮರಳು, ಜಲ್ಲಿ ಹೊತ್ತ ಆ ಪ್ರವಾಹ ಎತ್ತರಕ್ಕೆದ್ದ ನೆಲದ ಪದರುಕಲ್ಲನ್ನು 50-60 ಲಕ್ಷ ವರ್ಷ ಕೊರೆದಿದೆ. ಮೊಳಕಾಲ್ಮೂರಿನ ಪಕ್ಕದ ಚಳ್ಳಕೆರೆ ಸೀಮೆಯ ವೇದಾವತಿ ನದಿಗೆ ಅಂಥ ಆಸರೆ ಎಲ್ಲಿಯದು? ಮುಂಗಾರನ್ನು ಪಶ್ಚಿಮ ಘಟ್ಟವೇ ಹಿಂಡಿಕೊಂಡಿರುತ್ತದೆ. ಈ ನದಿಗೆ ಹಿರಿಯೂರಿನ ಬಳಿ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಹರಿದದ್ದು 2022ರಲ್ಲಿ.

ಕಲ್ಲೂ ಬೇರೆ ಜಾತಿಯದು. ರಾಮನಗರದಿಂದ ಪಾವಗಡದತ್ತ ಸಾಗಿ ಉತ್ತರಕ್ಕೆ ಚಾಚಿದ ಗ್ರಾನೈಟ್ ಪಟ್ಟಿಗೆ ಸುಮಾರು 250 ಕೋಟಿ ವರ್ಷ. ಗ್ರ್ಯಾಂಡ್ ಕ್ಯಾನ್ಯನ್ ತಳದ ಅತಿ ಹಳೆಯ ಶಿಲೆಗೆ ಸುಮಾರು 184 ಕೋಟಿ. ಅಲ್ಲಿ ಕಂದರದ ತಳಕ್ಕಿಳಿದರೂ ಸಿಗದಷ್ಟು ಹಳೆಯ ಕಲ್ಲು ಇಲ್ಲಿ ಬೆಟ್ಟದ ನೆತ್ತಿಯಲ್ಲೇ ಕಾಲಿಗೆ ತಾಗುತ್ತದೆ! ಗ್ರಾನೈಟಿಗೆ ಪದರಗಳಿಲ್ಲ, ಅಡ್ಡಡ್ಡ ಉದ್ದುದ್ದ ಬಿರುಕುಗಳಿವೆ. ಬಿರುಕಿಗೆ ಇಳಿದ ನೀರು ಮೂರು ಕಡೆಯಿಂದಲೂ ತಾಗುವ ಮೂಲೆಗಳನ್ನು ಬೇಗ ಸವೆಸುತ್ತದೆ. ಚೌಕ ತುಂಡು ಈರುಳ್ಳಿಯಂತೆ ಸಿಪ್ಪೆ ಕಳಚುತ್ತ ದುಂಡಗಾಗುತ್ತದೆ. ಸುತ್ತಲ ಮಣ್ಣು ಕೊಚ್ಚಿಹೋದ ಮೇಲೆ ಗುಂಡಿನ ಮೇಲೆ ಗುಂಡು ಉಳಿಯುತ್ತದೆ.

ಕಂದರವೇ ಬೇಕೆನ್ನುವವರು ಆಂಧ್ರದ ಗಂಡಿಕೋಟಕ್ಕೆ ಹೋಗಬಹುದು. ಅಲ್ಲಿ ಕೆಂಪು ಪದರುಕಲ್ಲನ್ನು ಸೀಳಿರುವ ಪೆನ್ನಾ ನದಿ ನಮ್ಮ ನಂದಿ ಬೆಟ್ಟಗಳ ಮಗಳು.

ಹೆಲಿಕಾಪ್ಟರ್ ಮಾತ್ರ ಚಳ್ಳಕೆರೆಗೂ ಬಂದಿದೆ, ಅದೂ ಸಾಮಾನ್ಯದ್ದಲ್ಲ. 2023ರ ಏಪ್ರಿಲ್ 2ರ ಬೆಳಿಗ್ಗೆ ವಾಯುಪಡೆಯ ಚಿನೂಕ್, ರೆಕ್ಕೆಯುಳ್ಳ ಇಸ್ರೋ ವಾಹನವೊಂದನ್ನು ಹೊಟ್ಟೆಯಡಿ ತೂಗುಹಾಕಿಕೊಂಡು ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯದ ಮೇಲೆ 4.5 ಕಿ.ಮೀ. ಎತ್ತರಕ್ಕೇರಿ ಕೈಬಿಟ್ಟಿತು. ಪೈಲಟ್ ಇಲ್ಲದ ವಾಹನ ತಾನೇ ದಾರಿ ಹಿಡಿದು ರನ್‌ವೇ ಮೇಲೆ ಇಳಿಯಿತು. ಬಾಹ್ಯಾಕಾಶದಿಂದ ಮರಳುವ ನೌಕೆಯ ಕೊನೆಯ ಕೆಲವು ನಿಮಿಷಗಳನ್ನು ರಾಕೆಟ್ಟಿನ ಖರ್ಚಿಲ್ಲದೆ ಪರೀಕ್ಷಿಸುವ ಉಪಾಯವಿದು. 2024ರ ಮಾರ್ಚ್ 22ರಂದು ‘ಪುಷ್ಪಕ್’ ಹೆಸರಿನಲ್ಲಿ ಎರಡನೇ ಪ್ರಯೋಗ. ಜೂನ್ 23ರ ಮೂರನೆಯದರಲ್ಲಿ ಬೇಕೆಂದೇ ರನ್‌ವೇ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಡಲಾಯಿತು. ಗಾಳಿಯೂ ಜೋರಾಗಿತ್ತು. ಪುಷ್ಪಕ್ ದಾರಿ ತಿದ್ದಿಕೊಂಡು ಗಂಟೆಗೆ 320 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ನೆಲ ಮುಟ್ಟಿತು. ಅದರ ಗಿಡ್ಡ ರೆಕ್ಕೆಗೆ ಎತ್ತುವ ಬಲ ಕಡಿಮೆ, ಹಾಗಾಗಿ ನಿಧಾನವಾಗಿ ಇಳಿಯುವಂತಿಲ್ಲ. ಪ್ರಯಾಣಿಕ ವಿಮಾನ ಸುಮಾರು 260ರಲ್ಲಿ ಇಳಿಯುತ್ತದೆ.

ಇಂಥ ಆಟಕ್ಕೆ ಖಾಲಿ ಆಕಾಶ ಬೇಕು. 1956ರ ಜೂನ್ 30ರಂದು ಗ್ರ್ಯಾಂಡ್ ಕ್ಯಾನ್ಯನ್ ಮೇಲೆ ಎರಡು ಪ್ರಯಾಣಿಕ ವಿಮಾನಗಳು ಡಿಕ್ಕಿಯಾಗಿ 128 ಜನ ಸತ್ತ ಮೇಲೆಯೇ ಅಮೆರಿಕ ವಿಮಾನ ಸಂಚಾರದ ನಿಯಂತ್ರಣವನ್ನು ಬಿಗಿಗೊಳಿಸಿತು. ಚಳ್ಳಕೆರೆಯ ಆಕಾಶ ಖಾಲಿ, ನಿಜ, ನೆಲ ಖಾಲಿಯಿರಲಿಲ್ಲ. ಪರೀಕ್ಷಾ ವಲಯ ಎದ್ದಿರುವುದು ದನ-ಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲಿನಲ್ಲಿ. ಆ ಹುಲ್ಲುಗಾವಲಿಗಾಗಿ ಸುತ್ತಲಿನ ಹಳ್ಳಿಗರು ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೂ ಹತ್ತಿದ್ದರು.