ಒರೆಗಲ್ಲಿಗೆ ಸಿಗದ ಹರಳು

ಗಂಗಾವತಿ, ಕಾರಟಗಿ, ಕನಕಗಿರಿ ಸೀಮೆಯಲ್ಲಿ ನಿಶ್ಚಯ ಕಾರ್ಯವೆಂದರೆ ಮೊದಲು ಇಷ್ಟೇ ಇತ್ತು: ಗಂಡಿನ ಕಡೆಯವರು ಸೀರೆ, ಕುಪ್ಪಸ, ಕೊಬ್ಬರಿ ಬಟ್ಟಲು, ಉತ್ತತ್ತಿ, ಸಕ್ಕರೆ ತಂದು ಹೆಣ್ಣಿಗೆ ಉಡಿ ತುಂಬುವುದು, ಹಿರಿಯರು ಎಲೆ ಅಡಿಕೆ ಹಿಡಿದು ಮಾತು ಗಟ್ಟಿ ಮಾಡುವುದು. ಈಗ ಅದಕ್ಕೂ ಕಲ್ಯಾಣ ಮಂಟಪ, ಸ್ಟೇಜು, ಡ್ರೋನ್ ಕ್ಯಾಮೆರಾ ಬಂದಿವೆ. ಉಡಿ ತುಂಬುವ ಹೊತ್ತಿಗೆ ಚದುರುವ ಫೋಟೊದವರು ಉಂಗುರ ತೊಡಿಸುವಾಗ ಮಾತ್ರ ತಪ್ಪದೆ ಎದುರಿಗೆ ನಿಲ್ಲುತ್ತಾರೆ. ಆ ಉಂಗುರ ವಜ್ರದ್ದಾಗಿರಲಿ ಎಂಬ ಆಸೆ ಬೆಂಗಳೂರಿನ ನೌಕರಿಗಳ ಜೊತೆ ಊರಿಗೆ ಬಂತು. ಹಾಗೆ ನೋಡಿದರೆ ಅದು ಪಶ್ಚಿಮದಲ್ಲೂ ಬಹಳ ಹಳೆಯ ಸಂಪ್ರದಾಯವೇನಲ್ಲ. ವಜ್ರ ಶಾಶ್ವತ ಎಂಬ ಅರ್ಥದ ಘೋಷಣೆಯನ್ನು ಡಿ ಬಿಯರ್ಸ್ ಕಂಪನಿಗಾಗಿ ಅಮೆರಿಕದ ಜಾಹೀರಾತು ಸಂಸ್ಥೆಯೊಂದು ಹೊಸೆದದ್ದು 1947ರಲ್ಲಿ. ನಮ್ಮ ಬೋರಮಾಳ ಸರಕ್ಕೆ ಯಾವ ಜಾಹೀರಾತೂ ಬೇಕಾಗಿರಲಿಲ್ಲ.

ಇರಲಿ, ಆಸೆ ಬಂದಾಯಿತು. ಹಾಗಾಗಿ ಮದುವೆ ಕಾಲದಲ್ಲಿ ಈ ಭಾಗದ ಮನೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳುತ್ತದೆ: ಬಳ್ಳಾರಿಗೋ ಹುಬ್ಬಳ್ಳಿಗೋ ಹೋಗಿ ಹೆಸರಾಂತ ಆಭರಣ ಮಳಿಗೆಯಲ್ಲಿ ತೆಗೆದುಕೊಳ್ಳೋಣವೋ, ನಮ್ಮ ಪತ್ತಾರರ ಕೈಯಲ್ಲೇ ಮಾಡಿಸೋಣವೋ? ಉತ್ತರ ಹುಡುಕುವ ಮೊದಲು ಈ ಎರಡು ವ್ಯವಸ್ಥೆಗಳ ಪರಿಚಯ ಆಗಬೇಕು.

ಪತ್ತಾರರ ಅಂಗಡಿ ಎಂದರೆ ಊದುಗೊಳವೆ, ಚಿಮ್ಮಟ, ಸಣ್ಣ ತ್ರಾಸು, ಕಪ್ಪು ಒರೆಗಲ್ಲು. ಲೆಕ್ಕವೆಲ್ಲ ತೊಲ, ಮಾಸಿ, ಗುಂಜಿಯಲ್ಲಿ: 8 ಗುಂಜಿಗೆ ಒಂದು ಮಾಸಿ, 12 ಮಾಸಿಗೆ ಒಂದು ತೊಲ. ಹಳೆಯ ತೊಲ 11.66 ಗ್ರಾಂ ತೂಗುತ್ತಿತ್ತು. ಈಗ ಬಾಯಿಮಾತಿನಲ್ಲಿ 10 ಗ್ರಾಮಿಗೇ ತೊಲ ಅನ್ನುತ್ತಾರೆ. ಅಜ್ಜಿಯ ಪಾಟ್ಲಿ ಕರಗಿಸಿ ಮೊಮ್ಮಗಳ ಬಿಲ್ವಾರ ಮಾಡಿಕೊಟ್ಟವರು ಅವರೇ. ಸುಗ್ಗಿ ಬಂದ ಮೇಲೆ ಕೊಡಿ ಎಂದು ಮಜೂರಿ ಬಾಕಿ ಬಿಟ್ಟವರೂ ಅವರೇ. ಅಕ್ಕನ ಚಿನ್ನವನ್ನೂ ಅಕ್ಕಸಾಲಿ ಬಿಡ ಎಂಬ ಗಾದೆ ಕಟುವಾಯಿತು. ಅದರ ಹಿಂದಿರುವ ಅನುಮಾನ ಬಹುಮಟ್ಟಿಗೆ ಬೆಸುಗೆಯದು. ಗುಂಡು ಗುಂಡು ಜೋಡಿಸಲು ಬೇಗ ಕರಗುವ ಮಿಶ್ರಲೋಹ ಬೇಕು. ಅದು ಹೆಚ್ಚಿದಷ್ಟೂ ಒಡವೆಯ ಒಟ್ಟು ಶುದ್ಧತೆ ಇಳಿಯುತ್ತದೆ. ಅದಕ್ಕೆ ಪರಿಹಾರವಾಗಿ ಬಂದದ್ದು ಕ್ಯಾಡ್ಮಿಯಂ ಬೆರೆಸಿದ ಬೆಸುಗೆ, ನಾವೆಲ್ಲ ಕೇಳಿರುವ ‘ಕೆಡಿಎಂ ಬಂಗಾರ’. ಕ್ಯಾಡ್ಮಿಯಂ ಹೊಗೆ ಕೆಲಸಗಾರರ ಶ್ವಾಸಕೋಶಕ್ಕೆ ವಿಷವೆಂದು ಆ ಪದ್ಧತಿ ಹಿಂದೆ ಸರಿದು ವರ್ಷಗಳಾದವು. ಆದರೂ ಕೆಡಿಎಂ ಅಂದರೆ ಏನೋ ಸರ್ಕಾರಿ ಮುದ್ರೆ ಎಂದು ನಂಬಿದವರು ಇನ್ನೂ ಸಿಗುತ್ತಾರೆ.

ಈ ಕಸುಬಿನ ಬೆನ್ನು ಮುರಿದದ್ದು 1963ರ ಚಿನ್ನ ನಿಯಂತ್ರಣ. ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿಯಾಗಿದ್ದಾಗ 14 ಕ್ಯಾರೆಟ್ಟಿಗಿಂತ ಶುದ್ಧವಾದ ಹೊಸ ಒಡವೆ ಮಾಡಕೂಡದೆಂಬ ನಿಯಮ ಬಂತು. 1968ರಲ್ಲಿ ನಿಯಂತ್ರಣ ಕಾಯಿದೆಯೇ ಆಯಿತು, 1990ರಲ್ಲಿ ರದ್ದಾಯಿತು. ಕುಲುಮೆ ಬಿಟ್ಟು ಬೇರೆ ದಾರಿ ಹಿಡಿದ ಕುಟುಂಬಗಳಲ್ಲಿ ಎಷ್ಟೋ ಮತ್ತೆ ಅತ್ತ ತಿರುಗಲಿಲ್ಲ. ಆ ಮೇಲಿನ ದಶಕಗಳಲ್ಲಿ ಬೆಳೆದವೇ ಊರೂರಿಗೆ ಶಾಖೆ ಇಡುವ ಮಳಿಗೆಗಳು.

ಇವುಗಳ ಹಿನ್ನೆಲೆ ಒಂದೇ ಥರದ್ದಲ್ಲ. ಬೆಂಗಳೂರು ದಂಡಿನ ಕಾಲದ ಸಿ. ಕೃಷ್ಣಯ್ಯ ಚೆಟ್ಟಿ ಅಂಗಡಿ 1869ರದ್ದು. ಮೈಸೂರು ಅರಮನೆಗೆ ಒಡವೆ ಒದಗಿಸಿದ ಮನೆತನ. ಭೀಮಾ ಶುರುವಾದದ್ದು 1925ರಲ್ಲಿ, ಕೇರಳದ ಆಲಪ್ಪುಳದಲ್ಲಿ. ಶುರು ಮಾಡಿದ ಭೀಮಾ ಭಟ್ಟರು ಮೂಲತಃ ಉಡುಪಿಯವರು. ಟಾಟಾ ಗುಂಪಿನ ತನಿಷ್ಕ್ ತೀರಾ ಈಚಿನದು, 1990ರ ದಶಕದ ನಡುವಿನದು. ಅದು ಮೊದಲು 18 ಕ್ಯಾರೆಟ್ಟಿನ ಹರಳಿನ ಒಡವೆ ಇಟ್ಟುಕೊಂಡು ಕೂತಿತು. ನಮ್ಮ ಜನ ತಿರುಗಿ ನೋಡಲಿಲ್ಲ. 22 ಕ್ಯಾರೆಟ್ಟಿಗೆ ಬಂದ ಮೇಲೆ, ಕ್ಯಾರೆಟ್‌ಮೀಟರ್ ಎಂಬ ಯಂತ್ರ ತಂದು ಗಿರಾಕಿಯ ಕಣ್ಣೆದುರೇ ಹಳೆಯ ಒಡವೆಯ ಶುದ್ಧತೆ ತೋರಿಸತೊಡಗಿದ ಮೇಲೆ ಅದರ ದೆಸೆ ತಿರುಗಿತು. ಒರೆಗಲ್ಲಿನ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ್ದೇ ಈ ದೊಡ್ಡ ಮಳಿಗೆಗಳು ನಮ್ಮಲ್ಲಿ ಬೇರು ಬಿಟ್ಟದ್ದಕ್ಕೆ ಮುಖ್ಯ ಕಾರಣವೆಂದು ನನ್ನ ಎಣಿಕೆ. ಎಸಿ, ತಂಪು ಪಾನೀಯ, ಸಿನಿಮಾ ತಾರೆಯರ ಫಲಕಗಳೆಲ್ಲ ಆಮೇಲಿನವು.

ಹಳೆಯ ಹೆಸರಿನ ವಿಷಯದಲ್ಲಿ ಒಂದು ಎಚ್ಚರ ಇಲ್ಲೇ ಹೇಳಿಬಿಡುತ್ತೇನೆ. ಮನೆತನದ ಅಂಗಡಿಗಳು ಮಕ್ಕಳ ಕಾಲಕ್ಕೆ ಕವಲೊಡೆಯುತ್ತವೆ. ಭೀಮಾ ಹೆಸರಿನ ಮಳಿಗೆಗಳನ್ನು ಇಂದು ಒಂದಕ್ಕಿಂತ ಹೆಚ್ಚು ಕಂಪನಿಗಳು ನಡೆಸುತ್ತವೆ. ಆಲುಕ್ಕಾಸ್ ಸಹೋದರರದೂ ಹಾಗೆಯೇ. ಒಂದು ಊರಿನಲ್ಲಿ ಕೊಂಡ ಉಂಗುರವನ್ನು ಇನ್ನೊಂದು ಊರಿನ ಅದೇ ಹೆಸರಿನ ಅಂಗಡಿ ವಾಪಸ್ ಪಡೆಯುತ್ತದೆಂದು ಸುಮ್ಮನೆ ನಂಬಿಕೊಳ್ಳಬಾರದು. ಫಲಕ ನೋಡುವುದಕ್ಕಿಂತ ರಸೀದಿಯ ತಲೆಯ ಮೇಲಿರುವ ಕಂಪನಿಯ ಹೆಸರು ಓದುವುದು ಒಳ್ಳೆಯದು.

ಚಿನ್ನದ ಮಟ್ಟಿಗೆ ಇಂದು ಗಿರಾಕಿಯ ಕೈ ಗಟ್ಟಿಯಾಗಿದೆ. ಭಾರತೀಯ ಮಾನಕ ಬ್ಯೂರೊ (ಬಿಐಎಸ್) ಚಿನ್ನಕ್ಕೆ ಹಾಲ್‌ಮಾರ್ಕ್ ಆರಂಭಿಸಿದ್ದು 2000ದಲ್ಲಿ. 2021ರಿಂದ ಪ್ರತಿ ಒಡವೆಗೂ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಬಂತು. 2023ರ ಏಪ್ರಿಲ್ 1ರ ನಂತರ, ಹಾಲ್‌ಮಾರ್ಕ್ ಕಡ್ಡಾಯವಿರುವ ಕಡೆ, ಆ ಸಂಖ್ಯೆ ಇಲ್ಲದ ಒಡವೆ ಮಾರುವಂತಿಲ್ಲ. ಬಿಐಎಸ್ ಕೇರ್ ಆ್ಯಪಿನಲ್ಲಿ ಸಂಖ್ಯೆ ಹೊಡೆದರೆ ಮುದ್ರೆ ಹಾಕಿಸಿದ ವ್ಯಾಪಾರಿ ಯಾರು, ಪರೀಕ್ಷಿಸಿದ ಕೇಂದ್ರ ಯಾವುದು, ಶುದ್ಧತೆ ಎಷ್ಟು ಎಲ್ಲ ಕಾಣುತ್ತದೆ. ಶುದ್ಧತೆ ಕಡಿಮೆ ಬಂದರೆ ಕೊರತೆಯ ಮೊತ್ತದ ಎರಡರಷ್ಟು ಪರಿಹಾರ, ಪರೀಕ್ಷೆಯ ಖರ್ಚು ಸಹಿತ, ಕೊಡಬೇಕೆಂದು 2018ರ ನಿಯಮಗಳು ಹೇಳುತ್ತವೆ. 2 ಗ್ರಾಮಿಗಿಂತ ಹಗುರಾದ ಒಡವೆಗೆ ಈ ಕಡ್ಡಾಯ ಇಲ್ಲ. ತೆಳು ಉಂಗುರ ನೋಡುವವರು ಇದನ್ನು ನೆನಪಿಡಬೇಕು.

ಆದರೆ ಈ ಮುದ್ರೆಯೆಲ್ಲ ಉಂಗುರದ ಬಳೆಗೆ. ಅದರ ನೆತ್ತಿಯ ಮೇಲೆ ಕೂತಿರುವ ಹರಳಿನ ಬಗ್ಗೆ ಹಾಲ್‌ಮಾರ್ಕ್ ತುಟಿ ಬಿಚ್ಚುವುದಿಲ್ಲ. ದುಡ್ಡಿನ ದೊಡ್ಡ ಪಾಲು ಹೋಗುವುದು ಹರಳಿಗೇ.

ವಜ್ರ ಈ ನೆಲಕ್ಕೆ ಅಪರಿಚಿತವೇನಲ್ಲ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯಿಂದ ಹೊಳೆ ದಾಟಿದರೆ ಹಂಪಿ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಯಸ್ ಅಲ್ಲಿನ ಬೀದಿಯಲ್ಲಿ ಮಾಣಿಕ್ಯ, ವಜ್ರ, ಮುತ್ತು ಮಾರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಕೆಲವು ವರ್ಷಗಳ ನಂತರದ ಇನ್ನೊಬ್ಬ ಪೋರ್ಚುಗೀಸ್ ನ್ಯೂನಿಜ್ ಹೇಳುವಂತೆ ವಜ್ರದ ಗಣಿ ಹಿಡಿದವನು 20 ಮಂಗೆಲಿನ್ ತೂಕ ಮೀರಿದ ಹರಳನ್ನೆಲ್ಲ ಅರಸನ ಭಂಡಾರಕ್ಕೆ ಒಪ್ಪಿಸಬೇಕಿತ್ತು. ಅನಂತಪುರ ಜಿಲ್ಲೆಯ ವಜ್ರಕರೂರಿನ ಕಡೆ ಇಂದಿಗೂ ಮುಂಗಾರು ಬಿದ್ದೊಡನೆ ಜನ ಹೊಲಗಳಲ್ಲಿ ತಲೆ ತಗ್ಗಿಸಿ ಹರಳು ಹುಡುಕುತ್ತ ನಡೆಯುತ್ತಾರೆ. ಹೀಗಿದ್ದೂ ನಮ್ಮ ಮನೆಗಳಲ್ಲಿ ವಜ್ರ ಬಳಕೆಗೆ ಬರಲಿಲ್ಲ. ಕಂಡವರು ಕಂಡದ್ದು ಸಾಹುಕಾರರ ಮನೆಯ ಹೆಣ್ಣುಮಕ್ಕಳ ಮೂಗಿನಲ್ಲಿ, ಕಿವಿಯಲ್ಲಿ. ಉಳಿದವರಿಗೆ ‘ಅಮೆರಿಕನ್ ಡೈಮಂಡ್’. ಅದು ಜಿರ್ಕೋನಿಯಾ, ವಜ್ರವೂ ಅಲ್ಲ, ಅಮೆರಿಕದ್ದೂ ಅಲ್ಲ. ಹೀಗೆ, ಬಂಗಾರದ ಬಣ್ಣ ನೋಡಿಯೇ ಕ್ಯಾರೆಟ್ ಹೇಳಬಲ್ಲ ಹೆಂಗಸರು ಕೂಡ ವಜ್ರದ ಮುಂದೆ ಮಾರುವವರ ಮಾತನ್ನೇ ಕೇಳಬೇಕಾಗುತ್ತದೆ.

ಆದ್ದರಿಂದ ಮಳಿಗೆಯನ್ನು ಅಳೆಯುವಾಗ ಅದರ ವಯಸ್ಸಿಗಿಂತ ಅದು ಕೊಡುವ ಕಾಗದ ಮುಖ್ಯ. ಜಿಐಎ 1931ರಲ್ಲಿ ಅಮೆರಿಕದಲ್ಲಿ, ಐಜಿಐ 1975ರಲ್ಲಿ ಆಂಟ್ವರ್ಪಿನಲ್ಲಿ ಹುಟ್ಟಿದ ಪರೀಕ್ಷಾ ಸಂಸ್ಥೆಗಳು. ಅವುಗಳ ಪ್ರಮಾಣಪತ್ರದ ಸಂಖ್ಯೆಯನ್ನು ಎಷ್ಟೋ ಹರಳುಗಳ ಸೊಂಟದ ಮೇಲೆ ಲೇಸರಿನಲ್ಲಿ ಕೊರೆದಿರುತ್ತಾರೆ. ಹತ್ತುಪಟ್ಟು ಭೂತಗನ್ನಡಿ ಕೇಳಿ ಓದಿ, ಸಂಸ್ಥೆಯ ಜಾಲತಾಣದಲ್ಲಿ ತಾಳೆ ನೋಡಬಹುದು. ಗಿರಾಕಿಯ ಕೈಗೆ ಭೂತಗನ್ನಡಿ ಕೊಡಲು ಹಿಂದೆಮುಂದೆ ನೋಡುವ ಅಂಗಡಿಯಿಂದ ಎದ್ದು ಬಂದರೆ ನಷ್ಟವಿಲ್ಲ. ಬಿಡಿ ಹರಳಿಗೆ ಕೊಟ್ಟ ಪತ್ರಕ್ಕೂ ಉಂಗುರದಲ್ಲಿ ಕೂರಿಸಿದ ಮೇಲೆ ಕೊಟ್ಟ ಪತ್ರಕ್ಕೂ ಅಂತರವಿದೆ. ಕೂರಿಸಿದ ಹರಳನ್ನು ಸರಿಯಾಗಿ ತೂಗಲಾಗದು, ಬಣ್ಣವನ್ನೂ ಅಂದಾಜಿನಲ್ಲೇ ಹೇಳಬೇಕು. ಅಂಗಡಿ ತಾನೇ ಅಚ್ಚು ಹಾಕಿಸಿದ ಕಾರ್ಡಂತೂ ಮಗಳ ಗುಣಗಾನವನ್ನು ತಾಯಿಯ ಬಾಯಲ್ಲಿ ಕೇಳಿದ ಹಾಗೆ.

ನಾಲ್ಕು ಗುಣಗಳ ಪಾಠವನ್ನು ಎಲ್ಲ ಮಳಿಗೆಗಳೂ ಒಪ್ಪಿಸುತ್ತವೆ: ತೂಕ, ಕತ್ತರಿಕೆ, ಬಣ್ಣ, ಸ್ವಚ್ಛತೆ. ಎಲ್ಲಿ ದುಡ್ಡು ಉಳಿಸಬಹುದು ಎಂದು ಮಾತ್ರ ಹೇಳುವುದಿಲ್ಲ. ಬಣ್ಣ ಡಿ ಅಕ್ಷರದಿಂದ ಶುರುವಾಗಿ ಕೆಳಗಿಳಿಯುತ್ತದೆ. ಹಳದಿ ಬಂಗಾರದಲ್ಲಿ ಕೂರಿಸುವುದಾದರೆ ಐ, ಜೆ ದರ್ಜೆಯ ಹರಳಿನ ನಸು ಹಳದಿ ಆ ಬಂಗಾರದಲ್ಲೇ ಕರಗಿಹೋಗುತ್ತದೆ. ಡಿ ಬಣ್ಣಕ್ಕೆ ದುಡ್ಡು ಸುರಿಯುವುದು ದಂಡ. ಬರಿಗಣ್ಣಿಗೆ ಕಾಣದ ಕಲೆಗಾಗಿ ಸ್ವಚ್ಛತೆಯಲ್ಲಿ ಮೇಲಿನ ದರ್ಜೆಯಾದ ವಿವಿಎಸ್‌ವರೆಗೆ ಏರುವ ಅಗತ್ಯವೂ ನನಗೆ ಕಾಣದು. ಕತ್ತರಿಕೆಯಲ್ಲಿ ಮಾತ್ರ ರಾಜಿ ಬೇಡ, ಏಕೆಂದರೆ ಮಿನುಗೆಲ್ಲ ಅದರದೇ. ಆ ಮಿನುಗನ್ನು ಅಂಗಡಿಯ ದೀಪದ ಕೆಳಗೆ ನೋಡದೆ ಬಾಗಿಲ ಬಳಿಯ ಹಗಲು ಬೆಳಕಿಗೆ ಹಿಡಿದು ನೋಡಬೇಕು.

ತೂಕದ ಲೆಕ್ಕ ಇನ್ನೂ ಸೂಕ್ಷ್ಮ. ವಜ್ರದ ತೂಕದಲ್ಲಿ ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ, ಅದರ ನೂರರಲ್ಲಿ ಒಂದು ಪಾಲು ಒಂದು ಸೆಂಟ್. 50 ಸೆಂಟಿನ ದುಂಡು ಹರಳಿನ ಅಡ್ಡಳತೆ ಸುಮಾರು 5 ಮಿಲಿಮೀಟರ್, 100 ಸೆಂಟಿನದು 6.5. ತೂಕ ದುಪ್ಪಟ್ಟಾದರೂ ನೋಟ ದುಪ್ಪಟ್ಟಾಗದು, ಬೆಲೆಯಾದರೋ ದುಪ್ಪಟ್ಟನ್ನೂ ಮೀರುತ್ತದೆ. 50ಕ್ಕೆ, 100ಕ್ಕೆ ಬೆಲೆ ನೆಗೆಯುವುದರಿಂದ 47 ಸೆಂಟಿನ ಹರಳು ಜಾಣ ಗಿರಾಕಿಯ ಹರಳು. ಇಪ್ಪತ್ತು ಚೂರು ಸೇರಿಸಿ 50 ಸೆಂಟ್ ಮಾಡಿದ ಉಂಗುರಕ್ಕೆ ಒಂಟಿ ಹರಳಿನ ದರ ಹಾಕಿದ್ದಾರೆಯೇ ಎಂಬುದನ್ನೂ ನೋಡಬೇಕು.

ಈಗ ರಸೀದಿ. ಒಟ್ಟು 4.10 ಗ್ರಾಂ ತೂಗುವ ಉಂಗುರದಲ್ಲಿ 50 ಸೆಂಟಿನ ಹರಳು ಇದ್ದರೆ ಅದರ ತೂಕ 0.10 ಗ್ರಾಂ, ಬಂಗಾರ 4 ಗ್ರಾಂ. ಬಂಗಾರದ ದರ 4 ಗ್ರಾಮಿಗಷ್ಟೇ ಬೀಳಬೇಕು. ಅದೂ 18 ಕ್ಯಾರೆಟ್ ದರ. 22 ಕ್ಯಾರೆಟ್ ಬಂಗಾರ ಮೆತ್ತಗೆ; ಹರಳು ಹಿಡಿದ ಉಗುರುಗಳು ಬಾಗುತ್ತವೆಂದು ವಜ್ರಕ್ಕೆ 18 ಬಳಸುತ್ತಾರೆ. ಅಂಗಡಿಯ ಫಲಕದಲ್ಲಿ 22ರ ದರ ನೂರು ರೂಪಾಯಿ ಇದ್ದರೆ 18ಕ್ಕೆ ಸುಮಾರು 82 ಆಗಬೇಕು. ಅದರ ಮೇಲೆ ಮಜೂರಿ, ಹರಳಿನ ಬೆಲೆ, ಶೇ 3 ಜಿಎಸ್‌ಟಿ, ಇಷ್ಟೂ ಬೇರೆ ಬೇರೆ ಸಾಲಿನಲ್ಲಿರಲಿ. ಇಡೀ ಉಂಗುರಕ್ಕೆ ಒಂದೇ ಮೊತ್ತ ಬರೆದುಕೊಡುವ ರಸೀದಿಯಿಂದ ಮುಂದೆ ಏನನ್ನೂ ಸಾಧಿಸಲಾಗದು.

‘ಮುಂದೆ’ ಎಂದರೆ ವಾಪಸ್ ಮಾರುವ ದಿನ. ನಮ್ಮ ಸೀಮೆಯಲ್ಲಿ ಬಂಗಾರವೆಂದರೆ ಬಿತ್ತನೆಗೆ ಬೀಜ, ಆಸ್ಪತ್ರೆಗೆ ಅಡ್ವಾನ್ಸು. ಭತ್ತದ ದರ ಬಿದ್ದ ವರ್ಷ ಅಡವಿಡುವುದು ಇದನ್ನೇ. ವಜ್ರಕ್ಕೆ ಆ ಗುಣವಿಲ್ಲ. ಬಂಗಾರದ ಸಾಲ ಕೊಡುವವರು ಹರಳಿನ ತೂಕ ಕಳೆದು ಉಳಿದದ್ದಕ್ಕಷ್ಟೇ ಬೆಲೆ ಕಟ್ಟುತ್ತಾರೆ. ದೊಡ್ಡ ಮಳಿಗೆಗಳು ಸ್ಥಳೀಯ ಅಂಗಡಿಯನ್ನು ಮೀರಿಸುವುದು ಇಲ್ಲೇ: ತಾವು ಮಾರಿದ ಹರಳನ್ನು ಇಂತಿಷ್ಟು ಪಾಲಿಗೆ ವಾಪಸ್ ಪಡೆಯುತ್ತೇವೆಂಬ ಲಿಖಿತ ನಿಯಮ ಹಲವು ಕಡೆ ಇರುತ್ತದೆ. ಆ ಪಾಲು ಕೊಂಡ ದಿನದ ಬೆಲೆಯದೋ ಮಾರುವ ದಿನದ್ದೋ, ನಗದು ಕೊಡುತ್ತಾರೋ ಬೇರೆ ಒಡವೆಯನ್ನೇ ಕೊಳ್ಳಬೇಕೋ ಎಂದು ಕೇಳಿ ರಸೀದಿಯ ಮೇಲೇ ಬರೆಸಿಕೊಳ್ಳಬೇಕು. ಮಳಿಗೆಯ ಉಳಿತಾಯ ಯೋಜನೆಗೆ 11 ತಿಂಗಳ ಕಂತು ಕಟ್ಟಿದವರು ಅದರ ರಿಯಾಯಿತಿ ವಜ್ರಕ್ಕೂ ಅನ್ವಯವೇ ಎಂದು ಮೊದಲೇ ವಿಚಾರಿಸುವುದು ಮೇಲು.

ಪ್ರಯೋಗಾಲಯದ ವಜ್ರದ ಮಾತು ಬಿಡುವಂತಿಲ್ಲ. ರಚನೆಯಲ್ಲಿ ಅದೂ ಅಪ್ಪಟ ವಜ್ರವೇ, ಅದೇ ಇಂಗಾಲ. ಬೆಲೆ ಗಣಿಯ ಹರಳಿಗಿಂತ ಬಹಳ ಕಡಿಮೆ, ಇನ್ನೂ ಇಳಿಯುತ್ತಿದೆ. 2023ರಲ್ಲಿ ಪ್ರಧಾನಿ ಮೋದಿ ಅಮೆರಿಕ ಅಧ್ಯಕ್ಷರ ಪತ್ನಿಗೆ ಉಡುಗೊರೆ ಕೊಟ್ಟ 7.5 ಕ್ಯಾರೆಟ್ ಹರಳು ಅಂಥದ್ದೇ. ಅಂಗಡಿಯಲ್ಲಿ ಶಾಖ ನೋಡಿ ಬೀಪ್ ಎನ್ನುವ ಪೆನ್ನು ಗಣಿಯದಕ್ಕೂ ಪ್ರಯೋಗಾಲಯದ್ದಕ್ಕೂ ಭೇದವೆಣಿಸದು. ಮಾಯ್ಸನೈಟ್ ಎಂಬ ಬೇರೆಯೇ ಹರಳಿಗೂ ಎಷ್ಟೋ ಸಲ ಹೂಂಗುಟ್ಟುತ್ತದೆ. ಭೇದ ತಿಳಿಸುವುದು ಮತ್ತೆ ಪ್ರಮಾಣಪತ್ರವೇ. ಹೇಗೂ ವಾಪಸ್ ಮಾರುವುದಿಲ್ಲ, ಫೋಟೊಕ್ಕೆ ಮತ್ತು ಮನಸ್ಸಿಗೆ ಬೇಕು ಅನ್ನುವವರಿಗೆ ಇದು ತಕ್ಕ ಆಯ್ಕೆ ಎಂದೇ ನಾನು ಹೇಳುವೆ. ಹಿರಿಯರಿಗೆ ಮಾತ್ರ ಮೊದಲೇ ತಿಳಿಸಿ. ಬೀಗರ ಮುಂದೆ ಆಮೇಲೆ ಗೊತ್ತಾದರೆ ಸಂಬಂಧಕ್ಕೇ ಕುತ್ತು.

ಒಟ್ಟಿನಲ್ಲಿ ಹರಳಿಗಾಗಿ ದೊಡ್ಡ ಮಳಿಗೆಗೆ ಹೋಗಬಹುದು, ಅದರ ಕಾಗದ ಚೊಕ್ಕವಾಗಿದ್ದರೆ. ಬಂಗಾರಕ್ಕಾಗಿ ಅಷ್ಟು ದೂರ ಹೋಗುವ ಕಾರಣ ನನಗೆ ತೋರದು. ಎಚ್‌ಯುಐಡಿ ಹಾಕಿಸಿಕೊಡುವ ಸ್ಥಳೀಯ ಅಂಗಡಿಯ ಬಂಗಾರವೂ ಅಷ್ಟೇ ಬಂಗಾರ. ಮಳಿಗೆಯ ಉಂಗುರಗಳ ವಿನ್ಯಾಸದ ಬಗ್ಗೆ ಒಂದು ತಕರಾರಿದೆ. ಒಂಟಿ ಹರಳನ್ನು ಉದ್ದ ಉಗುರುಗಳ ಮೇಲೆ ಎತ್ತಿ ಕೂರಿಸಿರುತ್ತಾರೆ, ಬೆಳಕು ಕೆಳಗಿನಿಂದಲೂ ಬರಲೆಂದು. ಜೋಳದ ರೊಟ್ಟಿ ಬಡಿಯುವ ಕೈಗೆ ಅದು ಒಗ್ಗದು. ಉಗುರುಗಳ ಸಂದಿಗೆ ಹಿಟ್ಟು ಸೇರುತ್ತದೆ, ಸೀರೆಯ ಸೆರಗು ಸಿಕ್ಕಿಕೊಳ್ಳುತ್ತದೆ, ಒಂದು ಉಗುರು ಎದ್ದರೆ ಹರಳು ಬಚ್ಚಲು ಪಾಲು. ಹರಳಿನ ಅಂಚನ್ನು ಸುತ್ತಲೂ ಬಂಗಾರದ ಪಟ್ಟಿಯಿಂದ ತಗ್ಗಿಗೆ ಹಿಡಿದ ಕಟ್ಟು ಕೇಳಿ. ಸಾಲಿಟ್ಟ ಟ್ರೇಗಳಲ್ಲಿ ಅದು ಸಿಗದಿದ್ದರೆ ಆರ್ಡರ್ ಕೊಟ್ಟು ಮಾಡಿಸಬಹುದು, ಮೂರು ನಾಲ್ಕು ವಾರ ಮುಂಚೆ ಹೇಳಿದರಾಯಿತು. ಬೆರಳಿನ ಅಳತೆಯನ್ನು ಮಾತ್ರ ಹುಡುಗಿಯನ್ನೇ ಕರೆದೊಯ್ದು ಕೊಡಿಸಿ.