ಸಾಕುವುದೆಂದರೆ ಕೊನೆಯವರೆಗೆ ಸಾಕುವುದು



ಅಕ್ಟೋಬರ್ 4 ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. 1226ರಲ್ಲಿ ದೈವಾಧೀನರಾದ ಇವರನ್ನು 1979ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಪರಿಸರದ ಪಾಲಕ ಸಂತರೆಂದು ಘೋಷಿಸಿದರು. ಈ ಹಬ್ಬದಂದು ಸಾಕುಪ್ರಾಣಿಗಳನ್ನು ದೇವಾಲಯಕ್ಕೆ ಕರೆತಂದು ಆಶೀರ್ವಾದ ಪಡೆಯುವ ವಾಡಿಕೆ ಹಲವೆಡೆ ಇದೆ. ಆಶೀರ್ವಾದ ಬೇಡುವ ಮುನ್ನ ನಮ್ಮನ್ನೇ ಕೇಳಿಕೊಳ್ಳೋಣ: ನಾವು ಪ್ರಾಣಿ ಸಾಕುವುದು ಪ್ರೀತಿಗಾಗಿಯೋ, ಬರೀ ಶೋಕಿಗಾಗಿಯೋ?

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನವುಲೆಯ ಕಡೆಗೆ ನಡೆದುಹೋಗುವಾಗ ಎರಡು ಬಗೆಯ ನಾಯಿಗಳು ನಮ್ಮ ಕಣ್ಣಿಗೆ ಬೀಳುತ್ತವೆ. ಒಂದು, ಗೇಟಿನೊಳಗೆ ಗಿಡ್ಡ ಸರಪಳಿಯಲ್ಲಿ ಹಗಲಿಡೀ ಕಟ್ಟಿಹಾಕಿದ್ದು. ಇನ್ನೊಂದು, ಕೊರಳಲ್ಲಿ ಹಳೆಯ ಬೆಲ್ಟ್ ಇದ್ದರೂ ಮನೆಯಿಲ್ಲದೆ ಅಲೆಯುವುದು. ಮರಿಯಾಗಿದ್ದಾಗ ಮಕ್ಕಳಿಗೆ ಅದು ಮುದ್ದು. ದೊಡ್ಡದಾದ ಮೇಲೆ, ಕಾಯಿಲೆ ಬಿದ್ದ ಮೇಲೆ, ನಮಗೆ ವರ್ಗಾವಣೆಯಾದ ಮೇಲೆ ಅದು ಬೀದಿಪಾಲು.

ಪವಿತ್ರಗ್ರಂಥ ಏನು ಹೇಳುತ್ತದೆ? ತೊಬೀತನ ಮಗ ದೇವದೂತನೊಡನೆ ದೂರಪ್ರಯಾಣ ಹೊರಟಾಗ ಮನೆಯ ನಾಯಿಯೂ ಜೊತೆಗೆ ಹೊರಟಿತು. ಪ್ರವಾದಿ ನಾತಾನನ ಸಾಮತಿಯ ಬಡವ ತನ್ನ ಒಂದೇ ಕುರಿಮರಿಗೆ ತನ್ನ ತುತ್ತಿನಲ್ಲೇ ಪಾಲು ಕೊಡುತ್ತಿದ್ದ. ಸಬ್ಬತ್ ದಿನದ ವಿಶ್ರಾಂತಿಯನ್ನು ಸರ್ವೇಶ್ವರ ಎತ್ತು ಕತ್ತೆಗಳಿಗೂ ವಿಧಿಸಿದರು. ಆದ್ದರಿಂದ ಪ್ರಾಣಿಗಳ ಮೇಲೆ ನಮಗೆ ಸಿಕ್ಕ ಅಧಿಕಾರ ದಬ್ಬಾಳಿಕೆಯಲ್ಲ, ಪಾಲನೆ. 2015ರಲ್ಲಿ ಜಗದ್ಗುರು ಫ್ರಾನ್ಸಿಸರು 'ಲೌದಾತೋ ಸಿ' ವಿಶ್ವಪತ್ರದಲ್ಲಿ ಇದನ್ನೇ ಒತ್ತಿ ಹೇಳಿದರು.

ಧರ್ಮಸಭೆಯ ಧರ್ಮೋಪದೇಶ ಇಲ್ಲಿ ಸಮತೋಲನ ಕಲಿಸುತ್ತದೆ. ಪ್ರಾಣಿಗಳನ್ನು ಸಾಕಬಹುದು, ಪ್ರೀತಿಸಬಹುದು. ವೃಥಾ ನೋಯಿಸುವುದು ಮನುಷ್ಯರ ಘನತೆಗೇ ಕುಂದು. ಆದರೆ ಬಡವರ ಕಷ್ಟಕ್ಕೆ ಸಲ್ಲಬೇಕಾದ ಹಣವನ್ನು ಪ್ರಾಣಿಗಳಿಗೆ ಸುರಿಯುವುದೂ ಸಲ್ಲದು. ನಾಯಿಗೆ ದುಬಾರಿ ಆಹಾರ ತರುವ ನಾವು, ನಮ್ಮ ಮನೆಗೆಲಸದಾಕೆಯ ಮಗುವಿನ ಶಾಲಾ ಫೀಸಿನ ಬಗ್ಗೆ ಎಂದಾದರೂ ಕೇಳಿದ್ದೇವೆಯೇ?

ದೇಶದ ಕಾನೂನೂ ಸುಮ್ಮನಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವಂತೆ ತೊರೆಯುವುದು, ತೀರಾ ಗಿಡ್ಡ ಸರಪಳಿಯಲ್ಲಿ ಬಹುಕಾಲ ಕಟ್ಟಿಹಾಕುವುದು, ಮೈ ಹೊರಳಿಸಲೂ ಆಗದ ಪಂಜರದಲ್ಲಿ ಇಡುವುದು ಅಪರಾಧ. ಪಂಜರದಲ್ಲಿ ನಮ್ಮ ಕಾಡಿನ ಗಿಳಿಯನ್ನು ಇಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ. ಅಂಥ ಗಿಳಿಯನ್ನು ಹಾಗೆಯೇ ಹಾರಿಬಿಟ್ಟರೆ ಅದು ಬದುಕಲಾರದು. ಅರಣ್ಯ ಇಲಾಖೆಗೆ ಒಪ್ಪಿಸಬೇಕು.

ಮರಿಯನ್ನು ಮನೆಗೆ ತರುವ ಮುನ್ನ ಕುಟುಂಬದವರೆಲ್ಲ ಕುಳಿತು ಯೋಚಿಸೋಣ. ನಾಯಿ ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಅಷ್ಟು ಕಾಲ ಊಟ, ನೀರು, ಓಡಾಟ, ರೇಬೀಸ್ ಲಸಿಕೆ ಯಾರ ಹೊಣೆ? ದಟ್ಟ ರೋಮದ ಶೀತದೇಶದ ತಳಿ ನಮ್ಮ ಊರಿನ ಬೇಸಿಗೆ ತಾಳೀತೇ? ಸಾಕಲು ಆಗದ ಪರಿಸ್ಥಿತಿ ಬಂದರೆ ಬೀದಿಗೆ ಬಿಡದೆ ಇನ್ನೊಂದು ಮನೆ ಹುಡುಕೋಣ.

ಮುದಿಯಾದ ನಾಯಿಯನ್ನು ನಾವು ಹೇಗೆ ನೋಡಿಕೊಳ್ಳುತ್ತೇವೆಂದು ನಮ್ಮ ಮಕ್ಕಳು ಗಮನಿಸುತ್ತಿರುತ್ತಾರೆ. ಉಪಯೋಗ ಮುಗಿದವರನ್ನು ಏನು ಮಾಡಬೇಕೆಂಬ ಪಾಠವನ್ನು ಅವರು ಅಲ್ಲಿಯೇ ಕಲಿಯುತ್ತಾರೆ. ಒಂದು ಗುಬ್ಬಿಯನ್ನೂ ಮರೆಯದ ತಂದೆ ದೇವರು, ನಮ್ಮನ್ನೇ ನಂಬಿದ ಜೀವಗಳನ್ನು ಕೈಬಿಡದ ಮನಸ್ಸನ್ನು ನಮಗೆ ದಯಪಾಲಿಸಲಿ.