ಗ್ರೀಕ್ ರುದ್ರನಾಟಕದ ನಾಯಕನೂ ಆತನ ಅಪರಾಧವೂ

ಗ್ರೀಕ್ ರುದ್ರನಾಟಕದ ನಾಯಕನು ಏತರಿಂದ ಕೆಡುವನು? ಈ ಪ್ರಶ್ನೆಗೆ ವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ದೊರೆಯುವ ಉತ್ತರವು ಒಂದೇ: ಆತನು ಮಹಾಪುರುಷನು, ಆದರೆ ಆತನ ಶೀಲದಲ್ಲಿ ಗರ್ವವೋ ಕೋಪವೋ ಒಂದು ದೋಷವಿರುವುದು, ಆ ದೋಷವೇ ಆತನನ್ನು ನಾಶಗೊಳಿಸುವುದು. ಇದಕ್ಕೆ ಅರಿಸ್ಟಾಟಲನ ಕಾವ್ಯಮೀಮಾಂಸೆಯೇ ಆಧಾರವೆಂದು ಹೇಳುವುದೂ ವಾಡಿಕೆ. ಆ ಗ್ರಂಥದ ಮಾತನ್ನೂ ನಾಟಕಗಳನ್ನೂ ಕೂಡಿಸಿ ನೋಡಿದರೆ, ಈ ಉತ್ತರವು ಅಷ್ಟು ಭದ್ರವಾದುದಲ್ಲವೆಂದು ತೋರಿಬರುವುದು.

ಅರಿಸ್ಟಾಟಲನು (ಕ್ರಿ. ಪೂ. 384–322) ಈ ವಿಷಯವನ್ನು ಎತ್ತುವುದು ಹದಿಮೂರನೆಯ ಅಧ್ಯಾಯದಲ್ಲಿ. ಸತ್ಪುರುಷನು ಸುಖದಿಂದ ದುಃಖಕ್ಕೆ ಬೀಳುವುದು ನೋಡುವವರಿಗೆ ಅಸಹ್ಯವಾಗುವುದು. ದುಷ್ಟನು ದುಃಖದಿಂದ ಸುಖಕ್ಕೇರಿದರೆ ಕರುಣವೂ ಹುಟ್ಟದು, ಭಯವೂ ಹುಟ್ಟದು. ಕಡುದುಷ್ಟನು ಕೆಟ್ಟರೆ ಅದರಿಂದಲೂ ಅವು ಹುಟ್ಟಲಾರವು. ಹೀಗೆ ಮೂರು ಬಗೆಯ ಕಥೆಗಳನ್ನು ನಿರಾಕರಿಸಿ, ಇವರ ನಡುವಣ ಪುರುಷನನ್ನು ಆತನು ಆರಿಸಿಕೊಳ್ಳುವನು. ಈತನು ಧರ್ಮದಲ್ಲಿ ಅಸಾಧಾರಣನಲ್ಲ, ಕೀರ್ತಿಸಂಪತ್ತುಗಳಲ್ಲಿ ಉನ್ನತನು, ಈತನು ಕೆಡುವುದು ದುಷ್ಟತನದಿಂದಲ್ಲ, ಒಂದು ‘ಹಮಾರ್ತಿಯಾ’ದಿಂದ. ಇದಕ್ಕೆ ಕೊಟ್ಟಿರುವ ಉದಾಹರಣೆಗಳಲ್ಲಿ ಮೊದಲನೆಯವನು ಈಡಿಪಸ್.

ವಾದವೆಲ್ಲವೂ ಈ ಒಂದು ಪದವನ್ನೇ ಆಶ್ರಯಿಸಿದೆ. ಇದರ ಮೂಲಧಾತುವಿಗೆ ಗುರಿತಪ್ಪುವುದೆಂದು ಅರ್ಥ. ಹೋಮರನ ಕಾವ್ಯದಲ್ಲಿ ಎಸೆದ ಈಟಿ ಗುರಿತಪ್ಪಿದಾಗ ಬರುವ ಕ್ರಿಯಾಪದವು ಇದೇ. ಸಂಸ್ಕೃತದ ‘ಅಪರಾಧ’ ಶಬ್ದದ ಚರಿತ್ರೆಯೂ ಇದಕ್ಕೆ ಸಮೀಪವಾದುದೆಂಬುದು ಗಮನಾರ್ಹವಾಗಿದೆ: ಬಾಣವು ಗುರಿತಪ್ಪಿದ ಬಿಲ್ಲುಗಾರನನ್ನು ಅಮರಕೋಶವು ‘ಅಪರಾದ್ಧಪೃಷತ್ಕ’ನೆಂದು ಕರೆಯುವುದು. ಎರಡು ಭಾಷೆಗಳಲ್ಲಿಯೂ ಶಬ್ದವು ಕಾಲಕ್ರಮದಲ್ಲಿ ನೈತಿಕವಾದ ತಪ್ಪನ್ನು ಸೂಚಿಸತೊಡಗಿತು. ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿ ‘ಹಮಾರ್ತಿಯಾ’ ಎಂದರೆ ಪಾಪವೇ ಆಗಿದೆ. ಆದರೆ ಅರಿಸ್ಟಾಟಲನ ನೀತಿಶಾಸ್ತ್ರದ ಐದನೆಯ ಭಾಗದಲ್ಲಿ, ತಿಳಿಯದೆ ಮಾಡಿದ ತಪ್ಪನ್ನು ತಿಳಿದು ಮಾಡಿದ ಅನ್ಯಾಯದಿಂದ ಬೇರ್ಪಡಿಸಲು ಈ ಧಾತುವಿನಿಂದ ಹುಟ್ಟಿದ ಶಬ್ದವನ್ನೇ ಬಳಸಿದೆ. ಹೀಗಿರುವಲ್ಲಿ ಇದನ್ನು ‘ಶೀಲದೋಷ’ವೆಂದು ಭಾಷಾಂತರಿಸುವುದು ಮೂಲವು ಹೇಳದುದನ್ನು ಹೇಳಿದಂತಾಗುವುದು.

ಈಡಿಪಸನ ಕಥೆಯಲ್ಲಿ ಈ ಅರ್ಥವನ್ನು ಪರೀಕ್ಷಿಸಬಹುದು. ತಂದೆಯನ್ನು ಕೊಂದು ತಾಯಿಯನ್ನು ವರಿಸುವೆಯೆಂದು ಡೆಲ್ಫಿಯ ದೇವವಾಣಿಯು ನುಡಿಯಲು, ಆತನು ತನ್ನವರೆಂದು ನಂಬಿದ್ದ ತಾಯಿತಂದೆಗಳನ್ನು ಉಳಿಸುವುದಕ್ಕಾಗಿಯೇ ಕಾರಿಂತನ್ನು ತೊರೆಯುವನು. ಮೂರು ದಾರಿ ಕೂಡುವಲ್ಲಿ ಮುದುಕನೊಬ್ಬನನ್ನು ಕೋಪದಿಂದ ಕೊಂದುದು ನಿಜ. ಆದರೆ ಮುದುಕನೇ ಮೊದಲು ಆತನ ತಲೆಗೆ ಹೊಡೆದಿದ್ದನು. ಆ ಕೊಲೆಗೆ ಕೋಪವು ಕಾರಣವಾಗಬಹುದು. ಅದು ಪಿತೃಹತ್ಯೆಯಾದುದಕ್ಕೆ ಕಾರಣವು ಅಜ್ಞಾನವೇ. ಟೈರೀಸಿಯಸನ ಮೇಲೂ ಕ್ರಿಯಾನನ ಮೇಲೂ ಆತನು ಕೆರಳುವುದು ರಂಗದ ಮೇಲೆ ಕಂಡರೂ, ಘೋರಕೃತ್ಯಗಳೆರಡೂ ನಾಟಕವು ಮೊದಲಾಗುವುದಕ್ಕೆ ಬಹುಕಾಲ ಮುಂಚೆಯೇ ನಡೆದುಹೋಗಿರುವುವು. ಸಾಫೊಕ್ಲೀಸನ ಮರಣಾನಂತರ ಕ್ರಿ. ಪೂ. 401ರಲ್ಲಿ ಪ್ರದರ್ಶಿತವಾದ ‘ಕೊಲೋನಸಿನಲ್ಲಿ ಈಡಿಪಸ್’ ನಾಟಕದಲ್ಲಿ ನಾಯಕನು ತಾನು ತಿಳಿಯದೆ ಮಾಡಿದವನೆಂದು ವಾದಿಸುವನು. ಬುದ್ಧಿಪೂರ್ವಕವಾದ ಕೊಲೆಗೆ ಅರಿಯೋಪಾಗಸ್, ಅಬುದ್ಧಿಪೂರ್ವಕವಾದುದಕ್ಕೆ ಪಲ್ಲಾಡಿಯನ್ ಎಂದು ಬೇರೆಬೇರೆ ನ್ಯಾಯಸ್ಥಾನಗಳಿದ್ದ ಅಥೆನ್ಸಿನ ಪ್ರೇಕ್ಷಕರಿಗೆ ಈ ವಾದವು ಅಪರಿಚಿತವಾಗಿರಲಿಲ್ಲ.

ಆದರೆ ಈ ಸೂತ್ರವು ಎಲ್ಲ ನಾಯಕರನ್ನೂ ಅಳೆಯಲಾರದು. ಬಿ. ಎಂ. ಶ್ರೀಕಂಠಯ್ಯನವರ ‘ಅಶ್ವತ್ಥಾಮನ್’ ನಾಟಕಕ್ಕೆ ಮಾದರಿಯಾದ ಸಾಫೊಕ್ಲೀಸನ ‘ಏಜಾಕ್ಸ್’ ಕನ್ನಡಿಗರಿಗೆ ಈ ಮೂಲಕ ಪರಿಚಿತವಾಗಿದೆ. ಅಕಿಲೀಸನ ಆಯುಧಗಳು ತನಗೆ ದೊರೆಯಲಿಲ್ಲವೆಂದು ಏಜಾಕ್ಸನು ಸೇನಾನಾಯಕರನ್ನು ಕೊಲ್ಲಲು ತಿಳಿದೇ ಹೊರಡುವನು. ಅಥೀನಾದೇವಿಯು ಕವಿಸಿದ ಭ್ರಾಂತಿಯಿಂದ ದನಕುರಿಗಳನ್ನು ಕಡಿಯುವನು. ದೇವತೆಗಳ ನೆರವು ಬೇಡವೆಂದು ಆತನು ಹಿಂದೆ ಗರ್ವದಿಂದ ನುಡಿದಿದ್ದನೆಂದೂ ದೂತನ ಮಾತಿನಿಂದ ತಿಳಿಯುವುದು. ಇಲ್ಲಿ ಗರ್ವವುಂಟು. ಕ್ರಿ. ಪೂ. 431ರ ಯೂರಿಪಿಡೀಸನ ‘ಮೀಡಿಯ’ದಲ್ಲಿ ನಾಯಿಕೆಯು ತಾನು ಎಸಗುವುದು ಎಂತಹ ಕೃತ್ಯವೆಂಬುದನ್ನು ಚೆನ್ನಾಗಿ ಅರಿತೇ ಮಕ್ಕಳನ್ನು ಕೊಲ್ಲುವಳು. ಅರಿಸ್ಟಾಟಲನು ಹೇಳಿದುದು ಅತ್ಯುತ್ತಮವಾದ ಕಥಾವಸ್ತುವಿನ ಲಕ್ಷಣವನ್ನೇ ಹೊರತು, ಸಕಲ ನಾಯಕರ ಸ್ವಭಾವವನ್ನಲ್ಲ.

ಆದುದರಿಂದ ನಾಯಕನಲ್ಲಿ ಯಾವ ದೋಷವಿದೆಯೆಂದು ಮೊದಲೇ ಹುಡುಕುವುದು ಸರಿಯಾದ ಕ್ರಮವಲ್ಲ. ಹಾಗೆ ಹುಡುಕಿದರೆ ರುದ್ರನಾಟಕವು ತಪ್ಪು ಮತ್ತು ದಂಡನೆಗಳ ನೀತಿಕಥೆಯಾಗಿ, ಕರುಣಕ್ಕೆ ಎಡೆಯೇ ಇಲ್ಲದಂತಾಗುವುದು. ಕೃತ್ಯವೆಸಗುವಾಗ ಆತನಿಗೆ ತಿಳಿದಿದ್ದುದೇನು, ನಿಜವು ತಿಳಿದ ಮೇಲೆ ಆತನು ಮಾಡಿದುದೇನು ಎಂಬ ಎರಡು ಪ್ರಶ್ನೆಗಳನ್ನು ಮೊದಲು ಕೇಳತಕ್ಕದ್ದು. ಯೊಕಾಸ್ಟೆಯು ವಿಚಾರಣೆಯನ್ನು ನಿಲ್ಲಿಸೆಂದು ಬೇಡಿದರೂ, ಮುದಿ ಕುರುಬನು ಹೇಳಲಾರೆನೆಂದು ಅಂಗಲಾಚಿದರೂ ಈಡಿಪಸನು ನಿಲ್ಲಿಸಲಿಲ್ಲ. ಅಪರಾಧವು ಅರಿಯದೆ ಆದುದು. ಅರಿವು ಆತನೇ ಪಟ್ಟುಹಿಡಿದು ಪಡೆದುದು. ಆತನ ಮಹತ್ತ್ವವಿರುವುದು ಈ ಎರಡನೆಯದರಲ್ಲಿ.